ಅಪ್‌ಡೇಟ್: 52 ಮಕ್ಕಳ ತರಗತಿ, ಪ್ಲಿಕರ್ಸ್ ಕಾರ್ಡ್

ಯಾದಗಿರಿ ಕಡೆಯ ನಮ್ಮ ಶಾಲೆಯ ಎಂಟನೇ ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನವರೇ ಕೂಗ್ತಾರೆ, ಹಿಂದಿನವರದು ಗಲಾಟೆ, ಏನು ಮಾಡಲಿ ಅಂತ ಕೇಳಿದ್ದೆ. ನೀವು ಹೇಳಿದ ಪ್ಲಿಕರ್ಸ್ ಕಾರ್ಡ್ ನಿಜಕ್ಕೂ ಕೆಲಸ ಮಾಡಿತು. ಪ್ರತಿ ಮಗುವಿಗೂ ಕಪ್ಪು ಗುರುತಿನ ಒಂದೊಂದು ಕಾರ್ಡ್; ತನ್ನ ಉತ್ತರದ (A, B, C, D) ಬದಿ ಮೇಲೆ ಬರುವಂತೆ ಎತ್ತಿ ಹಿಡಿದರೆ, ಶಿಕ್ಷಕರ ಫೋನಿನ ಪ್ಲಿಕರ್ಸ್ ಆ್ಯಪ್ ಕ್ಯಾಮೆರಾದಲ್ಲಿ ಓದಿ ಯಾರ ಉತ್ತರ ಏನು ಅಂತ ತೋರಿಸುತ್ತೆ. ಮಕ್ಕಳಿಗೆ ಮೊಬೈಲ್ ಬೇಡ, ಶಿಕ್ಷಕರ ಫೋನ್ ಒಂದೇ ಸಾಕು.

52 ಮಕ್ಕಳಿಗೆ 40 ಕಾರ್ಡಿನ ಸೆಟ್ ಸಾಲದು, 63ರದ್ದೇ ಪ್ರಿಂಟ್ ಹಾಕಿಸಬೇಕು. ಹೊಳೆಯುವ ಲ್ಯಾಮಿನೇಶನ್ ಬೇಡವೇ ಬೇಡ: ಕಿಟಕಿ ಬೆಳಕು ಹೊಡೆದು ಕ್ಯಾಮೆರಾ ಓದುವುದಿಲ್ಲ. ರಟ್ಟಿಗೆ ಅಂಟಿಸಿದರೆ ಸಾಕು. ಬೆರಳು ಕಪ್ಪು ಗುರುತಿನ ಮೇಲೆ ಬಂದರೂ ಅದೇ ಗತಿ; ಅಂಚು ಹಿಡಿಯೋದನ್ನು ಮೊದಲ ದಿನವೇ ಕಲಿಸಿ.

ಪ್ರಶ್ನೆ ಓದಿ 20 ಸೆಕೆಂಡ್ ಮೌನ, ಆಮೇಲೆ "ಎತ್ತಿ". ಗದ್ದಲ ಇಳಿಸೋದು ಆ ಮೌನವೇ, ಕಾರ್ಡ್ ಅಲ್ಲ. ಉತ್ತರ ಎರಡು ಪಾಲಾದರೆ ಪಕ್ಕದವರ ಜೊತೆ 2 ನಿಮಿಷ ಚರ್ಚೆ, ಮತ್ತೊಮ್ಮೆ ಎತ್ತಿಸಿ. ತಪ್ಪು ಹೇಳಿದವರ ಹೆಸರು ಮಾತ್ರ ಎಲ್ಲರೆದುರು ತೋರಿಸಬೇಡಿ.