ಭಾನುವಾರದ ಪ್ರಶ್ನೋತ್ತರ: ನೋವು ಅಂತ ಹೋದರೆ ಖಿನ್ನತೆಯ ಮಾತ್ರೆ ಯಾಕೆ ಬರೀತಾರೆ?

ಅಡ್ಮಿನ್: ನೋವಿನ ಚಿಕಿತ್ಸೆಯ ಡಾಕ್ಟರ್ ಇವತ್ತು ಸಂಜೆ 5ರಿಂದ ಗುಂಪಿನಲ್ಲಿ ಇರ್ತಾರೆ. ಕಳೆದ ವಾರ ಅರ್ಧ ಗುಂಪು ಕೇಳಿದ್ದು ಮೇಲಿನ ಪ್ರಶ್ನೆಯನ್ನೇ. ವಯಸ್ಸು, ಬೇರೆ ಕಾಯಿಲೆ, ಈಗ ತಗೊಳ್ತಿರೋ ಎಲ್ಲ ಮಾತ್ರೆ ಬರೆದು ಕೇಳಿ. ಫಾರ್ವರ್ಡ್ ಬೇಡ.

ತಿಪಟೂರು ತೆಂಗು: ವಯಸ್ಸು 52. ಮೂರು ವರ್ಷದಿಂದ ಸೊಂಟ ನೋವು, ಎಡಗಾಲಿಗೆ ಜುಂ ಅಂತ ಎಳೆಯುತ್ತೆ. ಬೇರೆ ಕಾಯಿಲೆ ಇಲ್ಲ. ಟ್ರಿಪ್ಟೋಮರ್ 10 ಬರೆದುಕೊಟ್ರು. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿದ, ಆಮೇಲೆ ನನ್ನ ಮುಖ ನೋಡಿದ. "ಮನೇಲಿ ಏನಾದ್ರೂ ಟೆನ್ಷನ್ನಾ ಅಕ್ಕಾ?" ಅಂದ. ಅತ್ತೆ ಕಣ್ಣಿಗೆ ಬೀಳಬಾರದು ಅಂತ ಸ್ಟ್ರಿಪ್ಪನ್ನ ಅಕ್ಕಿ ಡಬ್ಬದೊಳಗೆ ಇಟ್ಟಿದ್ದೀನಿ. ನನ್ನ ನೋವು ಸುಳ್ಳು ಅನಿಸಿ ಇದನ್ನ ಕೊಟ್ರಾ?

ಡಾಕ್ಟರ್: ಸುಳ್ಳು ಅನಿಸಿದ್ದರೆ ಬಿ-ಕಾಂಪ್ಲೆಕ್ಸ್ ಬರೆದು ಕಳಿಸಿಬಿಡ್ತಿದ್ರು. ನಂಬಿದ್ದಕ್ಕೇ ಇದನ್ನ ಕೊಟ್ಟಿದ್ದಾರೆ. ಇದರಲ್ಲಿರೋದು ಅಮಿಟ್ರಿಪ್ಟಿಲಿನ್. ಖಿನ್ನತೆಗೆ ಸಾಮಾನ್ಯವಾಗಿ ದಿನಕ್ಕೆ 75ರಿಂದ 150 ಮಿಲಿಗ್ರಾಂ ಬೇಕು, ನಿಮಗೆ ಕೊಟ್ಟಿರೋದು 10. ಮಿದುಳಿನ ಬುಡದಿಂದ ಬೆನ್ನುಹುರಿಗೆ ಒಂದು ನರದ ದಾರಿ ಇಳಿಯುತ್ತೆ. ಕೆಳಗಿಂದ ಬರೋ ನೋವಿನ ಸುದ್ದಿಗೆ "ಸಾಕು ಬಿಡು" ಅನ್ನೋದು ಅದರ ಕೆಲಸ. ತೋಟಕ್ಕೆ ನೀರು ಬಿಡೋರು ನೀವು, ನಿಮಗೆ ಗೊತ್ತಾಗುತ್ತೆ: ತೂಬು ಸಡಿಲ ಆದರೆ ಕೆರೆ ತುಂಬದಿದ್ದರೂ ಗದ್ದೆಗೆ ನೀರು ಹರೀತಾನೇ ಇರುತ್ತೆ. ವರ್ಷಗಟ್ಟಲೆ ನೋವು ತಿಂದವರಲ್ಲಿ ಆ ತೂಬು ಸಡಿಲ ಆಗಿರಬಹುದು. ಈ ಮಾತ್ರೆ ನಾರ್‌ಅಡ್ರಿನಲಿನ್, ಸಿರೊಟೋನಿನ್ ಅನ್ನೋ ರಾಸಾಯನಿಕಗಳನ್ನ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿಸಿ ತೂಬನ್ನ ಬಿಗಿ ಮಾಡುತ್ತೆ.

ಮಲಗೋಕೆ ಒಂದೆರಡು ಗಂಟೆ ಮುಂಚೆ ತಗೊಳ್ಳಿ, ಬೆಳಿಗ್ಗೆಯ ಮಂಪರು ಕಮ್ಮಿ ಇರುತ್ತೆ. ಬಾಯಿ ಒಣಗುತ್ತೆ, ಮಲಬದ್ಧತೆ ಆಗಬಹುದು. ಎರಡು ಮೂರು ವಾರ ಏನೂ ಗೊತ್ತಾಗದೇ ಇರಬಹುದು, ನಾಲ್ಕನೇ ದಿನಕ್ಕೇ ಬಿಟ್ಟು "ಕೆಲಸ ಮಾಡಲ್ಲ" ಅನ್ನಬೇಡಿ. ಇನ್ನೊಂದು, ಅಕ್ಕಿ ಡಬ್ಬ ಬೇಡವೇ ಬೇಡ. ಮನೇಲಿ ಮೊಮ್ಮಗು ಇದ್ದರಂತೂ ಎತ್ತರದಲ್ಲಿ, ಬೀಗದೊಳಗೆ. ಪುಟ್ಟ ಮಗುವಿನ ಹೃದಯಕ್ಕೆ ಇದರ ಕೆಲವೇ ಮಾತ್ರೆ ಸಾಕು.

ಫಾರ್ಮಸಿ ಹುಬ್ಬಳ್ಳಿ: ಆ ಹುಡುಗ ಹಂಗ ಕೇಳಬಾರದಾಗಿತ್ರೀ ಅಕ್ಕಾರ. ನಮ್ಮ ಅಂಗಡ್ಯಾಗ ದಿನಾ ಹತ್ತು ಮಂದಿ ನೋವಿಗೇ ಒಯ್ತಾರ.

ಕೆಂಗೇರಿ ರನ್ನರ್: ಡಾಕ್ಟರೇ, ಹಾಗಾದ್ರೆ ಇದು ಮನಸ್ಸಿನ ಕಾಯಿಲೆ ಮಾತ್ರೆ ಅಲ್ವಾ?

ಡಾಕ್ಟರ್: ಮೇಲೆ ಓದಿ.

ಅಜ್ಜಿ ಮದ್ದು: ಸಕ್ಕರೆ ಕಾಯಿಲೆಯ ಕಾಲುರಿಗೆ ಯಾವ ಮಾತ್ರೆನೂ ಬೇಡ. ಎಕ್ಕದ ಎಲೆ ಹಂಚಿನ ಮೇಲೆ ಬಿಸಿ ಮಾಡಿ ಅಂಗಾಲಿಗೆ ಕಟ್ಟಿ ಮಲಗಿ, ಏಳೇ ದಿನ! ಎಲ್ಲರಿಗೂ ಕಳಿಸಿ ಪುಣ್ಯ ಕಟ್ಟಿಕೊಳ್ಳಿ 🙏

ಡಾಕ್ಟರ್: ದಯವಿಟ್ಟು ಕಳಿಸಬೇಡಿ. ಸಕ್ಕರೆ ಕಾಯಿಲೆಯಲ್ಲಿ ಅಂಗಾಲು ಉರಿಯುತ್ತೆ, ಅದೇ ಅಂಗಾಲಿಗೆ ಬಿಸಿ ತಾಗಿದರೆ ಗೊತ್ತಾಗಲ್ಲ. ಎರಡೂ ಒಂದೇ ನರದ ಹಾನಿಯಿಂದ ಬರುತ್ತೆ. ಕಾದ ಎಲೆ ಕಟ್ಟಿ ಮಲಗಿದವರ ಕಾಲನ್ನ ಬೆಳಿಗ್ಗೆ ಬಟ್ಟೆ ಬಿಚ್ಚಿ ನಾನು ನೋಡಿದ್ದೀನಿ: ಎಲೆಯ ನರಗಳ ಅಚ್ಚು ಚರ್ಮದ ಮೇಲೆ, ಅದರ ಅಡಿಯಲ್ಲಿ ಕೋಳಿಮೊಟ್ಟೆ ಗಾತ್ರದ ನೀರುಗುಳ್ಳೆ. ಅವರಿಗೆ ನೋವೇ ಆಗಿರಲಿಲ್ಲ, ಅದೇ ಭಯ. ಎಕ್ಕದ ಹಾಲು ಕೂಡ ಚರ್ಮ ಸುಡುತ್ತೆ.

ಅಜ್ಜಿ ಮದ್ದು: ನಮ್ಮ ಹಿರಿಯರು ದಡ್ಡರಾ?

ಡಾಕ್ಟರ್: ನಿಮ್ಮ ಹಿರಿಯರು ಮೊಬೈಲಿನಲ್ಲಿ ಇದನ್ನ ಇನ್ನೂರು ಜನಕ್ಕೆ ಕಳಿಸ್ತಿರಲಿಲ್ಲ.

ಘಟ್ಟದ ಮೇಲಿನವಳು: ಅಪ್ಪನ ಬಗ್ಗೆ. 71 ವರ್ಷ. ಶಿರಸಿ ಹತ್ರ ಊರು. ನಾಲ್ಕು ತಿಂಗಳ ಹಿಂದೆ ಬಲ ಪಕ್ಕೆಗೆ ಸರ್ಪಸುತ್ತು ಆಗಿತ್ತು. ಕೆಮ್ಮಣ್ಣು ಹಚ್ಚಿಸಿದ್ವಿ, ಗುಳ್ಳೆ ಒಣಗಿತು, ಆದ್ರೆ ಉರಿ ಹೋಗಲೇ ಇಲ್ಲ. ಅಂಗಿ ತಾಗಬಾರದು ಅಂತ ಎರಡು ಬೆರಳಲ್ಲಿ ಬಟ್ಟೆ ಹಿಡಿದುಕೊಂಡೇ ಓಡಾಡ್ತಾರೆ, ಊಟಕ್ಕೆ ಕೂತರೂ ಎಡಗೈಲಿ ಅಂಗಿ ಹಿಡಿದಿರ್ತಾರೆ. ಡಾಕ್ಟರು ಅಮಿಟ್ರಿಪ್ಟಿಲಿನ್ 10 ಕೊಟ್ಟರು, ಸ್ವಲ್ಪ ನಿದ್ದೆ ಬಂತು. ಹೋದ ವಾರ ಅಂಗಡೀಲಿ 10 ಇಲ್ಲ ಅಂತ 25ರದ್ದು ಕೊಟ್ಟರು. ಮಂಡಿ ನೋವಿಗೆ ಅಲ್ಟ್ರಾಸೆಟ್ ಬೇರೆ ನಡೀತಿದೆ. ಪ್ರಾಸ್ಟೇಟ್‌ಗೆ ಒಂದು ಮಾತ್ರೆ ಮೊದಲಿಂದ ಇದೆ. ನಿನ್ನೆಯಿಂದ ಬಚ್ಚಲಿಗೆ ಹೋಗಿ ಕಾಲು ಗಂಟೆ ನಿಂತರೂ ಹನಿ ಹನಿ. ನಿನ್ನೆ ರಾತ್ರಿ ಕೊಟ್ಟಿಗೆಗೆ ಹೋಗಿ "ಗೌರಿ ಎಲ್ಲಿ" ಅಂತ ಹುಡುಕಿದರು. ಆ ಹಸು ಹೋಗಿ ಆರು ವರ್ಷ ಆಯ್ತು. ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ವಿ. ಮಾತ್ರೆ ಮುಂದುವರಿಸಬಹುದಾ?

ಡಾಕ್ಟರ್: ಎಲ್ಲರೂ ಸ್ವಲ್ಪ ಸುಮ್ಮನಿರಿ, ಇದಕ್ಕೆ ಮೊದಲು ಉತ್ತರ ಕೊಡ್ತೀನಿ.

ಅಮ್ಮಾ, ಇದು ವಯಸ್ಸಲ್ಲ. ಈಗಲೇ ಹೊರಡಿ, ನಾಳೆ ಬೆಳಿಗ್ಗೆ ಅಂತ ಕಾಯಬೇಡಿ. ಹೊಕ್ಕುಳ ಕೆಳಗೆ ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿ ಉಬ್ಬಿದ್ದರೆ ಮೂತ್ರಕೋಶ ತುಂಬಿ ನಿಂತಿದೆ. ಈ ಔಷಧಿ ಬಾಯಿ ಒಣಗಿಸೋ ಹಾಗೇ ಮೂತ್ರಕೋಶದ ಹಿಂಡೋ ಶಕ್ತಿಯನ್ನೂ ತಗ್ಗಿಸುತ್ತೆ. ಪ್ರಾಸ್ಟೇಟ್ ಮೊದಲೇ ಬಾಗಿಲು ಅರ್ಧ ಮುಚ್ಚಿದ್ದಾಗ 10ರಲ್ಲೇ ತೊಂದರೆ ಆಗಬಹುದು, 25ಕ್ಕೆ ಒಮ್ಮೆಲೇ ಹಾರಿಸಿದ್ದಾರೆ. ನಳಿಕೆ ಹಾಕಿ ಖಾಲಿ ಮಾಡಬೇಕು, ತಡವಾದರೆ ಕಿಡ್ನಿಗೆ ಹೊರೆ.

ಕೊಟ್ಟಿಗೆಯಲ್ಲಿ ಸತ್ತ ಹಸು ಹುಡುಕಿದ್ದು ನನಗೆ ಇನ್ನೂ ಹೆಚ್ಚು ಚಿಂತೆ. ಮುದಿ ಮಿದುಳಿಗೆ ಈ ಗುಂಪಿನ ಔಷಧಿ ಹೆಚ್ಚಾದರೆ ಹೀಗೇ ಭ್ರಮೆ ಹಿಡಿಯುತ್ತೆ. ಅಲ್ಟ್ರಾಸೆಟ್‌ನಲ್ಲಿ ಪ್ಯಾರಸಿಟಮಾಲ್ ಜೊತೆ ಟ್ರಮಡಾಲ್ ಇದೆ. ಟ್ರಮಡಾಲ್ ಕೂಡ ಸಿರೊಟೋನಿನ್ ಏರಿಸುತ್ತೆ, ಇವೆರಡು ಸೇರಿದರೆ ಫಿಟ್ಸ್ ಬರೋ ಸಾಧ್ಯತೆನೂ ಹೆಚ್ಚು. ಕೈ ನಡುಗ್ತಿದೆಯಾ, ಮೈ ಬಿಸಿ ಇದೆಯಾ, ಬೆವರ್ತಿದ್ದಾರಾ? ಅಲ್ಲಿನ ಡಾಕ್ಟರಿಗೆ ಇದನ್ನ ಹೇಳಿ. ಇವತ್ತು ರಾತ್ರಿ ಅಮಿಟ್ರಿಪ್ಟಿಲಿನ್ ಮತ್ತು ಅಲ್ಟ್ರಾಸೆಟ್ ಎರಡೂ ಕೊಡಬೇಡಿ. ಮನೇಲಿರೋ ಎಲ್ಲ ಸ್ಟ್ರಿಪ್ಪು, ಖಾಲಿದೂ ಸೇರಿ, ಒಂದು ಕವರಿಗೆ ಹಾಕಿ ತಗೊಂಡು ಹೋಗಿ. ಬಾಯಲ್ಲಿ ಹೇಳಿದರೆ ಒಂದು ಮರೆತೇ ಮರೀತೀರಿ. ಇಸಿಜಿ ಮಾಡಿಸಿ, ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಿ.

ಘಟ್ಟದ ಮೇಲಿನವಳು: ಹೊಟ್ಟೆ ಗಟ್ಟಿ ಇದೆ. ಜೀಪ್ ಕರೆಸ್ತಿದ್ದೀವಿ. ತುರಿಕೆಗೆ ಅಂತ ಏವಿಲ್ ಕೂಡ ಕೊಡ್ತಿದ್ವಿ, ಅದು ಬರೆದಿರಲಿಲ್ಲ.

ಡಾಕ್ಟರ್: ನೋಡಿ, ಅದೇ ಮರೆತಿದ್ದು. ಏವಿಲ್ಲೂ ಬಾಯಿ ಒಣಗಿಸಿ ಮೂತ್ರ ಕಟ್ಟೋ ಜಾತಿಯದೇ. ಅದನ್ನೂ ಕವರಿಗೆ ಹಾಕಿ. ಹೊರಡಿ.

ಕುಕ್ಕೆ ಭಕ್ತ: ಸರ್ಪಸುತ್ತಿಗೆ ಇಂಗ್ಲಿಷ್ ಔಷಧಿ ಕೊಟ್ಟಿದ್ದೇ ತಪ್ಪು. ಇದು ಸರ್ಪದೋಷ. ಆಶ್ಲೇಷಾ ಬಲಿ ಮಾಡಿಸಿದ್ದರೆ ಇಷ್ಟು ಆಗ್ತಿರಲಿಲ್ಲ.

ಫಾರ್ಮಸಿ ಹುಬ್ಬಳ್ಳಿ: ಅವರು ಆಸ್ಪತ್ರಿಗೆ ಹೊಂಟಾರ, ನೀವು ಇಲ್ಲಿ ದೋಷ ಹುಡುಕಾಕತ್ತೀರಿ.

ಕುಕ್ಕೆ ಭಕ್ತ: ನಿಮ್ಮಂಥ ಅಂಗಡಿಯವರೇ ತಾನೇ 10 ಬದಲು 25 ಕೊಟ್ಟಿದ್ದು?

ಫಾರ್ಮಸಿ ಹುಬ್ಬಳ್ಳಿ: ನಾ ಕೊಟ್ಟಿಲ್ಲಪಾ! ಎಲ್ಲಾರನೂ ಒಂದ ಬುಟ್ಟ್ಯಾಗ ಹಾಕಬ್ಯಾಡ.

ಡಾಕ್ಟರ್: ಸರ್ಪಸುತ್ತು ತರೋದು ಚಿಕನ್‌ಪಾಕ್ಸ್ ವೈರಸ್. ಚಿಕ್ಕವರಿದ್ದಾಗ ಮೈಮೇಲೆ ಬಂದು ಹೋದದ್ದು ನರದ ಬೇರಲ್ಲಿ ದಶಕಗಟ್ಟಲೆ ಮಲಗಿರುತ್ತೆ, ಮುಪ್ಪಿನಲ್ಲಿ ಎದ್ದು ಅದೇ ನರದ ದಾರಿ ಹಿಡಿದು ಬರುತ್ತೆ. ಅದಕ್ಕೇ ಪಟ್ಟಿ ಥರ ಒಂದೇ ಕಡೆ. ವೈರಸ್ಸಿನ ಮಾತ್ರೆ ಗುಳ್ಳೆ ಕಾಣಿಸಿದ 72 ಗಂಟೆ ಒಳಗೆ ಶುರುವಾದರೆ ಒಳ್ಳೇದು. ದೇವಸ್ಥಾನಕ್ಕೆ ಹೋಗಿ, ನಾನು ಬೇಡ ಅನ್ನಲ್ಲ. ಮೊದಲ ದಿನ ಮಾತ್ರೆ ತಗೊಂಡು ಹೋಗಿ. ಈ ವಿಷಯ ಇಲ್ಲಿಗೆ ಸಾಕು.

ನೈಟ್ ಬಸ್: ಬೆಂಗಳೂರು–ಬೀದರ್ ರಾತ್ರಿ ಗಾಡಿ ಓಡಿಸ್ತೀನಿ. ಕುತ್ತಿಗೆ ನೋವಿಗೆ ಇದೇ ಮಾತ್ರೆ ಬರೆದಿದ್ದಾರೆ. ತಗೋಬಹುದಾ?

ಮೇಷ್ಟ್ರು ರಾಣೆಬೆನ್ನೂರು: ಡಾಕ್ಟರೇ, ಸಂಶಯ ಒಂದಿದೆ. 2023ರಲ್ಲಿ ಕಾಕ್ರೇನ್ ಅಂತ, ಔಷಧಿ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ತೂಗಿ ನೋಡೋ ಸಂಸ್ಥೆಯವರ ದೊಡ್ಡ ವಿಮರ್ಶೆ ಬಂತಲ್ಲ, ಅದರಲ್ಲಿ ಅಮಿಟ್ರಿಪ್ಟಿಲಿನ್‌ಗೆ ಗಟ್ಟಿ ಆಧಾರ ಸಿಗಲಿಲ್ಲ ಅಂತ ಓದಿದೆ. ಹಾಗಿದ್ದೂ ಕೊಡೋದು ಯಾಕೆ?

ಡಾಕ್ಟರ್: ಇವತ್ತಿನ ಒಳ್ಳೆ ಪ್ರಶ್ನೆ ಇದು, ಮೇಷ್ಟ್ರೇ. 176 ಪ್ರಯೋಗ, 28 ಸಾವಿರಕ್ಕೂ ಹೆಚ್ಚು ಜನ. ಅದರಲ್ಲಿ ಭರವಸೆಯಿಂದ ಹೇಳೋ ಹಾಗೆ ನಿಂತದ್ದು ಡ್ಯುಲೊಕ್ಸೆಟಿನ್ ಅನ್ನೋ ಇನ್ನೊಂದು ಖಿನ್ನತೆಯ ಮಾತ್ರೆ. ಅಮಿಟ್ರಿಪ್ಟಿಲಿನ್ ಪ್ರಯೋಗಗಳು ಸಣ್ಣವು, ಹಳೇವು, ಒರಟು. "ಆಧಾರ ಸಾಲದು" ಅನ್ನೋದೂ "ಕೆಲಸ ಮಾಡಲ್ಲ" ಅನ್ನೋದೂ ಒಂದೇ ಅಲ್ಲ, ನೀವು ತರ್ಕ ಹೇಳಿಕೊಟ್ಟವರು. ನನ್ನ ಕ್ಲಿನಿಕ್ಕಿನಲ್ಲಿ ಕೆಲವರು ಮೂರು ವಾರಕ್ಕೆ ನಗುತ್ತಾ ಬರ್ತಾರೆ, ಕೆಲವರು ಬಾಯಿ ಒಣಗಿದ್ದಷ್ಟೇ ಲಾಭ ಅಂತಾರೆ. ಆರೆಂಟು ವಾರದಲ್ಲಿ ಏನೂ ಆಗದಿದ್ದರೆ ನಿಧಾನಕ್ಕೆ ನಿಲ್ಲಿಸ್ತೀನಿ, ವರ್ಷಗಟ್ಟಲೆ ಎಳೆಯಲ್ಲ. ಆ ವಿಮರ್ಶೆಯ ಬಹಳಷ್ಟು ಪ್ರಯೋಗ ಎರಡೂವರೆ ತಿಂಗಳ ಆಸುಪಾಸಿನವು, ಆಮೇಲಿನ ಕಥೆ ಅಲ್ಲಿ ಇಲ್ಲ. ಡ್ಯುಲೊಕ್ಸೆಟಿನ್ 30 ಮಿಲಿಗ್ರಾಂನಿಂದ ಶುರು ಮಾಡಿ 60ಕ್ಕೆ ಏರಿಸ್ತೀವಿ. ಸಕ್ಕರೆ ಕಾಯಿಲೆಯ ಕಾಲುರಿಗೆ ಅಮೆರಿಕದಲ್ಲಿ 2004ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಆದರೆ ಲಿವರ್ ಕೆಟ್ಟವರಿಗೆ, ದಿನಾ ಕುಡಿಯೋರಿಗೆ, ಕಿಡ್ನಿ ತೀರಾ ಸೋತವರಿಗೆ ಅದು ಬೇಡ.

ನಿಜ ಹೇಳ್ತೀನಿ: ಅದೇ ನೋಡಿ, ಕಂಪನಿ ಕಮಿಷನ್! ಜನರನ್ನ ಮಾತ್ರೆಗೆ ದಾಸರಾಗಿ ಮಾಡೋ ಸಂಚು.

ಕೆಂಗೇರಿ ರನ್ನರ್: ಅಮಿಟ್ರಿಪ್ಟಿಲಿನ್ 1961ರ ಔಷಧಿ ಸ್ವಾಮಿ, ಪೇಟೆಂಟ್ ಮುಗಿದು ಕಾಲವಾಯ್ತು. ಇದರಲ್ಲಿ ಯಾರಿಗೆ ಬಂಗ್ಲೆ ಕಟ್ಟೋಷ್ಟು ಕಮಿಷನ್?

ನಿಜ ಹೇಳ್ತೀನಿ: ನೀವೂ ಅವರ ಕಡೆಯವರೇ ಅನ್ಸುತ್ತೆ. ಬಿಟ್ಟರೆ ಮೈ ನಡುಗುತ್ತಂತೆ, ಇದಕ್ಕೆ ಚಟ ಅನ್ನದೆ ಏನಂತಾರೆ?

ಡಾಕ್ಟರ್: ಥಟ್ಟನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ನಿದ್ದೆಗೇಡು ಬರಬಹುದು. ಅದಕ್ಕೇ ಹಂತಹಂತವಾಗಿ ಇಳಿಸಬೇಕು. ಚಟ ಅಂದರೆ ಬೇಕು ಬೇಕು ಅಂತ ಹಂಬಲಿಸೋದು, ಇನ್ನೂ ಹೆಚ್ಚು ನುಂಗೋದು. ಅದು ಬೇರೆ. ಕಮಿಷನ್ ಬಗ್ಗೆ ಇನ್ನೊಮ್ಮೆ ಬರೆದರೆ ನಾನು ಲಾಗೌಟ್ ಆಗ್ತೀನಿ.

ಹಾಸನದ ಸೊಸೆ: ಈ ಮಾತ್ರೆಯಿಂದ ದಪ್ಪ ಆಗ್ತಾರಂತೆ, ಹೌದಾ? ಮಗಳ ಮದುವೆ ಫೆಬ್ರವರಿಗೆ ಇದೆ.

ಅಜ್ಜಿ ಮದ್ದು: ನರನೋವಿಗೆ ಒಂದು ಪುಡಿ ಇದೆ, ನಮ್ಮೂರ ಬಸ್ ಸ್ಟ್ಯಾಂಡ್ ಹತ್ರ ಕೊಡ್ತಾರೆ. ಮೂರೇ ದಿನಕ್ಕೆ ಎದ್ದು ಓಡ್ತಾರೆ.

ಡಾಕ್ಟರ್: ಮೂರೇ ದಿನಕ್ಕೆ ಎದ್ದು ಓಡಿಸೋ ಹೆಸರಿಲ್ಲದ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆಸಿರೋದು ಹೊಸದೇನಲ್ಲ. ಸಕ್ಕರೆ ಏರುತ್ತೆ, ಮೂಳೆ ಟೊಳ್ಳಾಗುತ್ತೆ, ಮುಖ ಊದಿಕೊಳ್ಳುತ್ತೆ. ನಾಲ್ಕನೇ ಸಲ ಹೇಳ್ತಿದ್ದೀನಿ.

ಅಜ್ಜಿ ಮದ್ದು: ಎರಡನೇ ಸಲ.

ಮೈಗ್ರೇನ್ ಮಂಗಳೂರು: ನಂಗೆ ತಲೆನೋವಿಗೆ ಇದನ್ನೇ ಕೊಟ್ಟಿದ್ದಾರೆ ಮಾರಾಯ್ರೇ, ಸರಿಯಾ? ಕಣ್ಣಿನ ಪ್ರೆಷರ್ ಸಾ ಇದೆ.

ಡಾಕ್ಟರ್: ಮೈಗ್ರೇನ್ ಬರದ ಹಾಗೆ ತಡೆಯೋಕೆ ಕೊಡ್ತಾರೆ, ಸರಿ. ಕಣ್ಣಿನ ಪ್ರೆಷರ್ ಯಾವ ಬಗೆಯದ್ದು ಅಂತ ಕಣ್ಣಿನ ಡಾಕ್ಟರ್ ಹತ್ರ ಕೇಳಿದ ಮೇಲೇ ತಗೊಳ್ಳಿ. ಕೋನ ಕಿರಿದಾದ ಗ್ಲಾಕೋಮಾ ಆದರೆ ಇದು ಬೇಡ. ಹೃದಯದ ಬಡಿತದ ತೊಂದರೆ ಇದ್ದವರೂ, ಈಚೆಗೆ ಹಾರ್ಟ್ ಅಟ್ಯಾಕ್ ಆದವರೂ ಮೊದಲು ಹೇಳಬೇಕು.

ನೈಟ್ ಬಸ್: ನನ್ನ ಪ್ರಶ್ನೆ ಹಾಗೇ ಇದೆ ಸಾರ್.

ಗಂಗಾವತಿ ಭತ್ತ: ಇದು ಹುಚ್ಚಿನ ಮಾತ್ರೆ ತಾನೇ?

ಡಾಕ್ಟರ್: ಅಲ್ಲ.

ತಿಪಟೂರು ತೆಂಗು: ಎಷ್ಟು ಸಲ ಕೇಳ್ತೀರಿ? ಹುಚ್ಚು ಅನ್ನೋ ಪದ ಬಿಡಿ. ಖಿನ್ನತೆಗೇ ತಗೊಂಡರೂ ಅದರಲ್ಲಿ ನಾಚಿಕೆ ಏನು? ನಾನು ಸ್ಟ್ರಿಪ್ಪನ್ನ ಅಕ್ಕಿ ಡಬ್ಬದಿಂದ ತೆಗೆದು ಬೀರುವಿಗೆ ಹಾಕಿ ಬೀಗ ಹಾಕಿದೆ, ಅತ್ತೆಗೂ ಹೇಳಿದೆ. "ನನ್ನ ಮಂಡಿಗೂ ಒಂದು ಕೊಡು" ಅಂತಾರೆ.

ಡಾಕ್ಟರ್: ಕೊಡಬೇಡಿ!! ನಿಮ್ಮ ಮಾತ್ರೆ ನಿಮಗೆ ಮಾತ್ರ.

ಅಡ್ಮಿನ್: "ನಿಜ ಹೇಳ್ತೀನಿ" ಮತ್ತು "ಕುಕ್ಕೆ ಭಕ್ತ" ಅವರ ಕೊನೆಯ ಐದು ಬೈಗುಳದ ಕಾಮೆಂಟ್ ತೆಗೆದಿದ್ದೇನೆ. 9ಕ್ಕೆ ಮುಚ್ಚುತ್ತೇವೆ.

ಡಾಕ್ಟರ್: ನೈಟ್ ಬಸ್, ಕ್ಷಮಿಸಿ, ಗಲಾಟೆಯಲ್ಲಿ ಬಿಟ್ಟುಹೋಯ್ತು. ಡ್ಯೂಟಿ ಇರೋ ರಾತ್ರಿ ಬೇಡ. ಬೆಳಿಗ್ಗೆ ತಗೊಂಡು ಮಲಗಿದರೂ ಸಂಜೆಯವರೆಗೆ ಮಂಪರು ಉಳಿಯಬಹುದು. ಕೆಲಸ ಏನು ಅಂತ ನಿಮ್ಮ ಡಾಕ್ಟರಿಗೆ ಹೇಳಿದ್ರಾ? ಹೇಳಿ, ಬೇರೆ ದಾರಿ ನೋಡಲಿ. ನಿಮ್ಮ ಹಿಂದೆ ನಲವತ್ತು ಜನ ಮಲಗಿರ್ತಾರೆ.

ಘಟ್ಟದ ಮೇಲಿನವಳು: ಆಸ್ಪತ್ರೆಯಲ್ಲಿದ್ದೀವಿ. ನಳಿಕೆ ಹಾಕಿದ ಕೂಡಲೇ ಚೀಲ ತುಂಬಿತು, 900 ಎಂಎಲ್ ಅಂದರು ನರ್ಸು. ಕವರಿನ ಸ್ಟ್ರಿಪ್ಪುಗಳನ್ನೆಲ್ಲ ಮೇಜಿನ ಮೇಲೆ ಸುರಿದು ಲೆಕ್ಕ ಹಾಕಿದರು, ಹನ್ನೊಂದು ಥರ ಇತ್ತು. ಮೂರು ಯಾರದ್ದು ಅಂತ ನಮಗೂ ಗೊತ್ತಿಲ್ಲ. ಇಸಿಜಿ ತೆಗೀತಿದ್ದಾರೆ. ಉರಿಗೆ ಇನ್ನು ಮುಂದೆ ಏನು ಕೊಡ್ತಾರೆ ಡಾಕ್ಟರೇ?

ಡಾಕ್ಟರ್: ಕ್ರಿಯಾಟಿನಿನ್ ಬರಲಿ. ಕಿಡ್ನಿ ನೋಡಿಕೊಂಡು ಗ್ಯಾಬಪೆಂಟಿನ್ ಅನ್ನೋ ನರನೋವಿನ ಮಾತ್ರೆ ಸಣ್ಣ ಡೋಸ್‌ನಿಂದ ಶುರು ಮಾಡಬಹುದು, ಪಕ್ಕೆಗೆ ಚರ್ಮ ಮರಗಟ್ಟಿಸೋ ಲಿಡೊಕೇನ್ ಪಟ್ಟಿ ಅಂಟಿಸಬಹುದು. ಅದನ್ನ ಅಲ್ಲಿರೋರೇ ನಿರ್ಧರಿಸಲಿ. ಗೌರಿ ಬಗ್ಗೆ ಇನ್ನೂ ಕೇಳ್ತಿದ್ದಾರಾ?

ಘಟ್ಟದ ಮೇಲಿನವಳು: ಈಗ ಕೇಳಿಲ್ಲ. ಮಲಗಿದ್ದಾರೆ. ಕೈ ಮಾತ್ರ ಅಂಗಿ ಹಿಡಿದುಕೊಂಡೇ ಇದೆ.