ಒಂದೇ ಹಾರ್ಡ್ ಡಿಸ್ಕ್, ಮೂರು ಕಂಪ್ಯೂಟರಿನಲ್ಲಿ ಮೂರು ಥರ: ಹಾಳಾಗಿದೆಯಾ ಅಂತ ತಿಳಿಯುವುದು ಹೇಗೆ?

ಪ್ರಶ್ನೆ – ಶಾಲಾ ಶಿಕ್ಷಕಿ, ಕುಂದಾಪುರ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದೆ. ಅಪ್ಪ ವರ್ಷಗಟ್ಟಲೆ ರೆಕಾರ್ಡ್ ಮಾಡಿಟ್ಟ ತಾಳಮದ್ದಳೆಗಳೆಲ್ಲ (ವೇಷವಿಲ್ಲದೆ, ಕೂತು ಅರ್ಥ ಹೇಳುವ ಯಕ್ಷಗಾನ) ಅದರಲ್ಲಿವೆ. ಬೇರೆ ಕಾಪಿ ಇಲ್ಲ. ಈಗ ವಿಂಡೋಸ್ ಲ್ಯಾಪ್‌ಟಾಪಿಗೆ ಹಾಕಿದರೆ ಎಷ್ಟೋ ಹೊತ್ತು ಸುಮ್ಮನಿದ್ದು, ಆಮೇಲೆ ‘ಫಾರ್ಮ್ಯಾಟ್ ಮಾಡಬೇಕು’ ಅನ್ನುತ್ತದೆ. ತಮ್ಮನ ಮ್ಯಾಕ್‌ಬುಕ್‌ನಲ್ಲಿ ಫೈಲುಗಳ ಹೆಸರೆಲ್ಲ ಕಾಣುತ್ತವೆ, ಆದರೆ ಡಿಸ್ಕಿನ ಆರೋಗ್ಯದ ಜಾಗದಲ್ಲಿ ‘ನಾಟ್ ಸಪೋರ್ಟೆಡ್’ ಅಂತ ಬರುತ್ತದೆ. ನಮ್ಮ ಶಾಲೆಯ ಉಬುಂಟುವಿನಲ್ಲಿ ಕೆಲವು ಫೈಲು ಪೂರ್ತಿ ಕೇಳಿಸುತ್ತವೆ, ಕೆಲವು ಅರ್ಧಕ್ಕೇ ನಿಲ್ಲುತ್ತವೆ. ತೊಂದರೆ ಡಿಸ್ಕಿನದಾ, ಕೇಬಲಿನದಾ, ವಿಂಡೋಸಿನದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕಂಪ್ಯೂಟರ್ ರಿಪೇರಿ ಅಂಗಡಿ, ಶಿವಮೊಗ್ಗ

ಮೇಡಂ, ಮೊದಲು ಡಿಸ್ಕ್ ತೆಗೆದು ಪಕ್ಕಕ್ಕೆ ಇಡಿ. ಫಾರ್ಮ್ಯಾಟ್ ಅಂತ ಕೇಳಿದಾಗಲೆಲ್ಲ ‘ಕ್ಯಾನ್ಸಲ್’ ಒತ್ತಿ. ಮ್ಯಾಕ್ ಎಂದಾದರೂ ‘ಇನಿಷಿಯಲೈಸ್’ ಅಂತ ಕೇಳಿದರೆ ಅದಕ್ಕೂ ಬೇಡ ಅನ್ನಿ.

ಇನ್ನೊಂದು ಮಾತು. ಯಾರಾದರೂ ‘ವಿಂಡೋಸಿನ ರಿಪೇರಿ ಪ್ರೋಗ್ರಾಂ ಚೆಕ್ ಡಿಸ್ಕ್ ಓಡಿಸಿ, ಸರಿಹೋಗುತ್ತದೆ’ ಅಂತ ಹೇಳೇ ಹೇಳುತ್ತಾರೆ. ಈಗ ಬೇಡ. ಅದು ಫೈಲ್ ಸಿಸ್ಟಮ್ಮನ್ನು (ಯಾವ ಫೈಲು ಡಿಸ್ಕಿನಲ್ಲಿ ಎಲ್ಲಿದೆ ಅನ್ನುವ ಪಟ್ಟಿ) ಸರಿಮಾಡಲು ಡಿಸ್ಕಿನ ಮೇಲೆ ಬರೆಯುತ್ತದೆ. ‘ಆರ್’ ಆಯ್ಕೆ ಕೊಟ್ಟರೆ ಡಿಸ್ಕಿನ ಮೂಲೆಮೂಲೆ ಓದಲು ಹೋಗಿ, ಡಿಸ್ಕನ್ನು ಓದುವ, ಸೋತಿರುವ ಹೆಡ್ಡಿಗೆ ಗಂಟೆಗಟ್ಟಲೆ ದುಡಿಮೆ ಕೊಡುತ್ತದೆ. ಅದನ್ನು ಓಡಿಸಿದ ಮೇಲೆ ನಮ್ಮಲ್ಲಿಗೆ ಬರುವ ಡಿಸ್ಕುಗಳಲ್ಲಿ ಫೋಲ್ಡರುಗಳು ಮಾಯವಾಗಿ, ‘ಫೌಂಡ್ 000’ ಅನ್ನುವ ಒಂದು ಫೋಲ್ಡರಿನಲ್ಲಿ ಹೆಸರಿಲ್ಲದ ತುಂಡುಗಳು ಬಿದ್ದಿರುತ್ತವೆ. ಮ್ಯಾಕಿನ ‘ಫಸ್ಟ್ ಏಯ್ಡ್’ ಕೂಡ ಹಾಗೆಯೇ, ಕಾಪಿ ಆಗುವ ತನಕ ಮುಟ್ಟಬೇಡಿ.

ಡಿಸ್ಕನ್ನು ಮೇಜಿನ ಮೇಲೆ ಅಲುಗಾಡದಂತೆ ಇಟ್ಟು ಒಮ್ಮೆ ಹಾಕಿ, ಕಿವಿಯನ್ನು ಹತ್ತಿರ ತಂದು ಕೇಳಿ. ಟಕ್ ಟಕ್ ಅಂತ ಒಂದೇ ಸಮನೆ ಸದ್ದು ಬಂದರೆ, ಅಥವಾ ತಿರುಗಲು ಹೋಗಿ ನಿಂತುಬಿಟ್ಟರೆ ಅಲ್ಲಿಗೆ ನಿಲ್ಲಿಸಿ. ಅದು ಮನೆಯಲ್ಲಿ ಮಾಡುವ ಕೆಲಸ ಅಲ್ಲ. ಸದ್ದು ಮಾಮೂಲಾಗಿದ್ದರೆ ಕೇಬಲ್ ಬದಲಿಸಿ ನೋಡಿ. ಯುಎಸ್‌ಬಿ ಹಬ್ ಬೇಡ, ಲ್ಯಾಪ್‌ಟಾಪಿನ ಪೋರ್ಟಿಗೇ ನೇರ ಚುಚ್ಚಿ. ಈ ಚಿಕ್ಕ ಡಿಸ್ಕುಗಳು ಕರೆಂಟನ್ನೂ ಅದೇ ಕೇಬಲಿನಿಂದ ಎಳೆಯುತ್ತವೆ. ಕರೆಂಟ್ ಸಾಲದಿದ್ದರೂ ಹಾಳಾದ ಡಿಸ್ಕಿನ ಥರವೇ ಆಡುತ್ತವೆ.

ಲೆಕ್ಕಪತ್ರ ಕಚೇರಿ, ದಾವಣಗೆರೆ

ನಮ್ಮಲ್ಲಿ ಎಲ್ಲ ವಿಂಡೋಸ್. ನಾನು ನೋಡುವುದು ಎರಡು ಕಡೆ. ಒಂದು ‘ಈವೆಂಟ್ ವ್ಯೂವರ್’, ವಿಂಡೋಸ್ ತನ್ನ ತೊಂದರೆಗಳನ್ನು ಬರೆದಿಡುವ ಜಾಗ. ಅದರ ಸಿಸ್ಟಮ್ ಲಾಗ್‌ನಲ್ಲಿ ‘ಡಿಸ್ಕ್’ ಹೆಸರಿನ ಸಾಲುಗಳಿಗೆ ಒಂದು ನಂಬರ್ ಇರುತ್ತದೆ. 7 ಅಂದರೆ ಬ್ಯಾಡ್ ಬ್ಲಾಕ್, ಅಂದರೆ ಡಿಸ್ಕಿನಲ್ಲಿ ಕೆಟ್ಟ ಜಾಗ, ಸಿಕ್ಕಿದೆ ಅಂತ. 153 ಅಂದರೆ ಓದಲು ಆಗದೆ ಮತ್ತೆ ಪ್ರಯತ್ನಿಸಿದೆ ಅಂತ. ಇನ್ನೊಂದು ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’, ಡಿಸ್ಕಿನ ಆರೋಗ್ಯ ತೋರಿಸುವ ಪ್ರೋಗ್ರಾಂ, ಪುಕ್ಕಟೆ ಸಿಗುತ್ತದೆ. ನೀಲಿ ಇದ್ದರೆ ಸರಿ, ಹಳದಿ ಇದ್ದರೆ ಎಚ್ಚರ, ಕೆಂಪು ಇದ್ದರೆ ಕೆಟ್ಟಿದೆ. ಅದರ ಕೊನೆಯ ಕಾಲಮ್ ಹೆಕ್ಸಾಡೆಸಿಮಲ್‌ನಲ್ಲಿ (ಹತ್ತರ ಬದಲು ಹದಿನಾರರ ಎಣಿಕೆ) ಇರುತ್ತದೆ ಅನ್ನುವುದನ್ನು ಗಮನಿಸಿ. ಅಲ್ಲಿ 10 ಅಂತ ಕಂಡರೆ ನಿಜವಾಗಿ 16. ಸೆಟ್ಟಿಂಗ್‌ನಲ್ಲಿ ದಶಮಾನಕ್ಕೆ ಬದಲಿಸಿಕೊಳ್ಳಬಹುದು.

ಮದುವೆ ವಿಡಿಯೋ ಎಡಿಟಿಂಗ್, ಮೈಸೂರು

ಮ್ಯಾಕಿನ ‘ನಾಟ್ ಸಪೋರ್ಟೆಡ್’ ನೋಡಿ ಹೆದರಬೇಡಿ. ಮ್ಯಾಕ್ ತನ್ನ ಒಳಗಿನ ಡಿಸ್ಕಿಗೆ ‘ವೆರಿಫೈಡ್’ ಅಥವಾ ‘ಫೇಲಿಂಗ್’ ಅಂತ ತೋರಿಸುತ್ತದೆ. ಯುಎಸ್‌ಬಿಯಲ್ಲಿ ಹಾಕಿದ ಡಿಸ್ಕಿನಿಂದ ಆ ಮಾಹಿತಿಯನ್ನು ಅದು ತಾನಾಗಿ ಕೇಳುವುದೇ ಇಲ್ಲ. ಹಾಗಾಗಿ ಆ ಪದದಿಂದ ಒಳ್ಳೆಯದೂ ಗೊತ್ತಾಗುವುದಿಲ್ಲ, ಕೆಟ್ಟದ್ದೂ ಗೊತ್ತಾಗುವುದಿಲ್ಲ. ಆದರೆ ‘ವೆರಿಫೈಡ್’ ಅಂತ ಬಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರಬೇಡಿ. ಡಿಸ್ಕ್ ತೀರಾ ಹದಗೆಡುವ ತನಕ ಅದು ಬದಲಾಗದೇ ಇರಬಹುದು.

ಡಿಪ್ಲೊಮಾ ವಿದ್ಯಾರ್ಥಿ, ಗದಗ

ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಸ್ವಲ್ಪ ಹೊತ್ತು ಕೆಲಸ ಮಾಡುತ್ತದಂತೆ ಅಲ್ವಾ?

ರಿಪೇರಿ ಅಂಗಡಿ, ಶಿವಮೊಗ್ಗ

ಬೇಡಪ್ಪಾ. ಹೊರಗೆ ತೆಗೆದ ಕೂಡಲೇ ಒಳಗಿನ ತಟ್ಟೆಯ ಮೇಲೆ ನೀರಿನ ಪಸೆ ಕೂರುತ್ತದೆ. ಹೆಡ್ ಆ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹಾರುತ್ತಿರುತ್ತದೆ. ಕರಾವಳಿಯ ಸೆಕೆಯಲ್ಲಂತೂ ಕೇಳುವುದೇ ಬೇಡ. ಮುಚ್ಚಳ ಬಿಚ್ಚುವುದೂ ಅಷ್ಟೇ ಅಪಾಯ.

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು, ಬೆಂಗಳೂರು

ಮೂರು ಕಂಪ್ಯೂಟರಿನಲ್ಲಿ ಮೂರು ಥರ ಯಾಕೆ ಅಂತ ಮೊದಲು ಹೇಳುತ್ತೇನೆ, ಪತ್ತೆಯ ದಾರಿ ಅದರಲ್ಲೇ ಇದೆ. ಮೂರೂ ಕೇಳುತ್ತಿರುವುದು ಅದೇ ಡಿಸ್ಕನ್ನು. ಬೇರೆ ಇರುವುದು ಎಷ್ಟು ಹೊತ್ತು ಕಾಯುತ್ತವೆ, ಏನೇನು ಓದಲು ಹೋಗುತ್ತವೆ ಅನ್ನುವುದು. ವಿಂಡೋಸ್ ಡಿಸ್ಕ್ ಹಾಕಿದ ಕೂಡಲೇ ಅದರಲ್ಲಿರುವ ಫೈಲುಗಳ ಪಟ್ಟಿಯನ್ನು ಓದಲು ಹೋಗುತ್ತದೆ. ಅಲ್ಲೇ ಸಿಕ್ಕಿಕೊಂಡರೆ ಕೊನೆಗೆ ಸೋತು ‘ಫಾರ್ಮ್ಯಾಟ್ ಮಾಡಿ’ ಅನ್ನುತ್ತದೆ. ಮ್ಯಾಕ್ ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ಸಿಸ್ಟಮ್) ಡಿಸ್ಕನ್ನು ಓದುತ್ತದೆ ಅಷ್ಟೇ, ಬರೆಯುವುದಿಲ್ಲ. ಅದಕ್ಕೇ ಅಲ್ಲಿ ಶಾಂತವಾಗಿದೆ.

ಕೇಬಲ್ ಅಥವಾ ಪೋರ್ಟ್ ಬದಲಿಸಿದಾಗ ತೊಂದರೆಯೂ ಬದಲಾದರೆ ಕೇಬಲ್, ಕರೆಂಟ್ ಕಡೆ ನೋಡಿ. ಒಂದು ಸಿಸ್ಟಮ್ಮಿನಲ್ಲಿ ಎಲ್ಲ ಫೈಲು ವೇಗವಾಗಿ ಓಡಿ, ಇನ್ನೊಂದರಲ್ಲಿ ತೆರೆಯುವುದೇ ಇಲ್ಲ ಅಂದರೆ ಫೈಲ್ ಸಿಸ್ಟಮ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಕರೆಂಟ್ ಹೋದಾಗ, ‘ಇಜೆಕ್ಟ್’ ಮಾಡದೆ ಎಳೆದಾಗ ಹೀಗಾಗುತ್ತದೆ. ಯಾವ ಸಿಸ್ಟಮ್ಮಿಗೆ ಹಾಕಿದರೂ ಅದೇ ಫೈಲು ಅದೇ ಜಾಗದಲ್ಲಿ ನಿಂತರೆ, ಕೆಟ್ಟಿರುವುದು ತಟ್ಟೆಯ ಮೇಲ್ಮೈಯೇ ಆಗಿರುವ ಸಾಧ್ಯತೆ ಜಾಸ್ತಿ.

ಇದನ್ನು ಖಚಿತ ಮಾಡಿಕೊಳ್ಳಲು ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ದಾಖಲೆ ಓದಬೇಕು. ‘ಜಿಸ್ಮಾರ್ಟ್‌ಕಂಟ್ರೋಲ್’ ಅನ್ನುವ ಉಚಿತ ಪ್ರೋಗ್ರಾಂ ಮೂರೂ ಸಿಸ್ಟಮ್ಮುಗಳಿಗೆ ಇದೆ. ಯುಎಸ್‌ಬಿ ಡಿಸ್ಕಿಗೆ ಲಿನಕ್ಸೇ ವಾಸಿ. ಅದು ಏನೂ ತೋರಿಸದಿದ್ದರೆ ಡಿವೈಸ್ ಟೈಪ್ ‘ಸ್ಯಾಟ್’ ಅಂತ ಕೊಡಿ. ಈ ನಾಲ್ಕು ಸಾಲು ಓದಿ ಹೇಳಿ: 5, 197, 198, 199. ಒಂದನೇ ಸಾಲಿನಲ್ಲಿ ಕೋಟಿಗಟ್ಟಲೆ ಸಂಖ್ಯೆ ಕಂಡರೆ ಗಾಬರಿ ಬೇಡ. ಸೀಗೇಟ್ ಡಿಸ್ಕುಗಳಲ್ಲಿ ಅದು ಮಾಮೂಲು. ಲಾಂಗ್ ಟೆಸ್ಟ್ ಈಗ ಹಾಕಬೇಡಿ, ಅದು ಇಡೀ ಡಿಸ್ಕ್ ಓದುತ್ತದೆ.

ಕೇಳಿದವರು, ಕುಂದಾಪುರ

ಸದ್ದು ಮಾಮೂಲಾಗಿದೆ. ಕೇಬಲ್ ಬದಲಿಸಿದೆ, ವ್ಯತ್ಯಾಸ ಇಲ್ಲ. ಸಂಖ್ಯೆಗಳು: 5ರಲ್ಲಿ 24, 197ರಲ್ಲಿ 312, 198ರಲ್ಲಿ 312, 199ರಲ್ಲಿ 0. ಮೇಲೆ ಮಾತ್ರ ಡಿಸ್ಕ್ ‘ಪಾಸ್ಡ್’ ಅಂತಲೇ ಬರುತ್ತಿದೆ!

ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು, ಬೆಂಗಳೂರು

‘ಪಾಸ್ಡ್’ ಅನ್ನುವುದನ್ನು ಮರೆತುಬಿಡಿ. ಕಂಪನಿ ಇಟ್ಟ ಮಿತಿ ದಾಟಿಲ್ಲ ಅಂತ ಮಾತ್ರ ಅದರ ಅರ್ಥ. 199 ಸೊನ್ನೆ ಇದೆ, ಅಂದರೆ ದಾರಿಯಲ್ಲಿ ಡೇಟಾ ಕೆಟ್ಟ ಗುರುತಿಲ್ಲ. 5 ಅಂದರೆ ಡಿಸ್ಕ್ ಈಗಾಗಲೇ ಕೈಬಿಟ್ಟು, ಬದಲಿ ಜಾಗ ಕೊಟ್ಟ ಸೆಕ್ಟರುಗಳು (ಡಿಸ್ಕಿನ ಅತಿ ಚಿಕ್ಕ ತುಂಡುಗಳು). 197 ಅಂದರೆ ಓದಲು ಆಗದೆ ಬಾಕಿ ಉಳಿದವು, 198 ಅಂದರೆ ಡಿಸ್ಕ್ ತಾನೇ ಪರೀಕ್ಷಿಸಿಕೊಂಡಾಗಲೂ ಓದಲಾಗದವು. ಅಪ್ಪನ ರೆಕಾರ್ಡಿಂಗ್ ಅರ್ಧಕ್ಕೆ ನಿಲ್ಲುತ್ತಿರುವುದು ಆ 312ರಿಂದಲೇ ಇರಬೇಕು. ಡಿಸ್ಕ್ ಹೋಗುತ್ತಿದೆ ಮೇಡಂ, ಅನುಮಾನ ಬೇಡ.

2007ರಲ್ಲಿ ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ದಾಖಲೆ ನೋಡಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಸ್ಕ್ಯಾನ್ ದೋಷ (ಡಿಸ್ಕ್ ತನ್ನ ಮೇಲ್ಮೈಯನ್ನು ಪರೀಕ್ಷಿಸುವಾಗ ಸಿಗುವ ದೋಷ) ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಜಾಸ್ತಿ ಇತ್ತು. ಅದೇ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ನಿಮ್ಮ ಡಿಸ್ಕ್ ಮುಂಚೆಯೇ ಹೇಳಿದೆ. ಅಷ್ಟು ಅವಕಾಶ ಸಿಕ್ಕಿದೆ, ಬಿಡಬೇಡಿ.

ಒಂದೊಂದೇ ಫೈಲ್ ಎಳೆದು ಕಾಪಿ ಮಾಡಬೇಡಿ. ಕೆಟ್ಟ ಜಾಗ ಬಂದ ಕೂಡಲೇ ಎಲ್ಲ ನಿಂತು, ಡಿಸ್ಕ್ ಅಲ್ಲೇ ತಡಕಾಡುತ್ತದೆ. ಇಡೀ ಡಿಸ್ಕಿನ ನಕಲನ್ನು (‘ಇಮೇಜ್’) ಒಂದು ಫೈಲಾಗಿ ತೆಗೆಯುವ ಲಿನಕ್ಸಿನ ‘ಡಿಡಿರೆಸ್ಕ್ಯೂ’ ಬಳಸಿ. ಉಬುಂಟುವಿನಲ್ಲಿ ಪ್ಯಾಕೇಜಿನ ಹೆಸರು ‘ಜಿಡಿಡಿರೆಸ್ಕ್ಯೂ’. ಅದು ಮೊದಲು ಸುಲಭವಾಗಿ ಬರುವುದನ್ನೆಲ್ಲ ತೆಗೆದುಕೊಂಡು, ಕಷ್ಟದ ಜಾಗಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿಯ ತನಕ ಆಯಿತು ಅನ್ನುವುದನ್ನು ‘ಮ್ಯಾಪ್ ಫೈಲ್’ನಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು, ಆ ಫೈಲನ್ನು ಮಾತ್ರ ಕಳೆದುಕೊಳ್ಳಬೇಡಿ. ಮೊದಲ ಸುತ್ತಿಗೆ ‘ಮೈನಸ್ ಎನ್’ ಕೊಟ್ಟು ಓಡಿಸಿ. ಅದು ಮುಗಿದ ಮೇಲೆ ‘ಮೈನಸ್ ಡಿ’, ‘ಮೈನಸ್ ಆರ್ 3’ ಸೇರಿಸಿ ಇನ್ನೊಮ್ಮೆ.

ಹೊಸ ಡಿಸ್ಕ್ 2 ಟಿಬಿಯದು ತನ್ನಿ. ಅದರ ಫೈಲ್ ಸಿಸ್ಟಮ್ ಫ್ಯಾಟ್ 32 ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಹಳೆಯ ಡಿಸ್ಕನ್ನು ಮೌಂಟ್ ಮಾಡಬೇಡಿ, ಅಂದರೆ ಅದರ ಫೋಲ್ಡರುಗಳನ್ನು ತೆರೆಯಲು ಹೋಗಬೇಡಿ. ಕಮಾಂಡಿನಲ್ಲಿ ಮೊದಲು ಬರುವುದು ಹಳೆಯ ಡಿಸ್ಕ್, ಆಮೇಲೆ ಹೊಸ ಡಿಸ್ಕಿನಲ್ಲಿರುವ ಇಮೇಜ್ ಫೈಲು, ಕೊನೆಗೆ ಮ್ಯಾಪ್ ಫೈಲು. ಇದು ಅದಲು ಬದಲಾದರೆ ಎಲ್ಲ ಹೋಗುತ್ತದೆ. ಎಂಟರ್ ಒತ್ತುವ ಮೊದಲು ಡಿಸ್ಕಿನ ಮಾಡೆಲ್, ಸೈಜ್ ಎರಡನ್ನೂ ನೋಡಿ. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡರೆ ಇನ್ನೂ ಒಳ್ಳೆಯದು. ನಡುವೆ ಟಕ್ ಟಕ್ ಸದ್ದು ಶುರುವಾದರೆ ತಕ್ಷಣ ನಿಲ್ಲಿಸಿ.

ಇನ್ನೊಬ್ಬರು, ಕಲಬುರಗಿ

ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ಡಿಸ್ಕ್) ಇರುವವರಿಗೂ ಒಂದು ಮಾತು. ಅಲ್ಲಿ ಸದ್ದು ಇರುವುದಿಲ್ಲ, ಸಾಲುಗಳೂ ಬೇರೆ. ಎನ್‌ವಿಎಂಇ ಅನ್ನುವ ವೇಗದ ಎಸ್‌ಎಸ್‌ಡಿ ಆದರೆ ‘ಅವೈಲಬಲ್ ಸ್ಪೇರ್’ ಇಳಿಯುತ್ತಿದೆಯಾ, ‘ಮೀಡಿಯಾ ಎರರ್ಸ್’ ಏರುತ್ತಿದೆಯಾ ನೋಡಿ. ಯಾವ ಮುನ್ಸೂಚನೆಯೂ ಇಲ್ಲದೆ ಒಮ್ಮೆಗೇ ಕಾಣದಂತಾಗುವುದೂ ಉಂಟು.

ಆಡಿಯೋ ಡಿಜಿಟೈಸ್ ಮಾಡುವವರು, ಉಡುಪಿ

ಮೇಡಂ, ನಿಮಗೆ ಸಮಾಧಾನ ಆಗುವಂಥ ಒಂದು ಲೆಕ್ಕ ಹೇಳುತ್ತೇನೆ. ಒಂದು ಸೆಕ್ಟರ್ ಹೆಚ್ಚೆಂದರೆ 4 ಕೆಬಿ. ನಿಮ್ಮವು 128 ಕೆಬಿಪಿಎಸ್ ಎಂಪಿ3 ಆಗಿದ್ದರೆ ಒಂದು ಸೆಕೆಂಡಿಗೆ 16 ಕೆಬಿ ಬೇಕು. ಅಂದರೆ ಒಂದು ಸೆಕ್ಟರ್ ಹೋದರೆ ಹೋಗುವುದು ಕಾಲು ಸೆಕೆಂಡು. 312 ಸೆಕ್ಟರೂ ಹಾಡಿನ ಫೈಲಿನಲ್ಲೇ ಇದ್ದು, ಒಂದೂ ವಾಪಸ್ ಬರಲಿಲ್ಲ ಅಂದುಕೊಂಡರೂ ಒಟ್ಟು 80 ಸೆಕೆಂಡಿನ ಆಸುಪಾಸು. ಡಿಸ್ಕ್ ಇನ್ನೂ ಓದದೇ ಇರುವ ಜಾಗದಲ್ಲಿ ಇನ್ನಷ್ಟು ಕೆಟ್ಟಿರಬಹುದು, ನಿಜ. ಆದರೂ ಇಮೇಜ್ ತೆಗೆದ ಮೇಲೆ ಆ ಜಾಗಗಳು ಖಾಲಿಯಾಗಿರುತ್ತವೆ ಅಷ್ಟೇ, ಪ್ಲೇಯರ್ ಅಲ್ಲಿ ಒಮ್ಮೆ ಮುಗ್ಗರಿಸಿ ಮುಂದೆ ಹೋಗುತ್ತದೆ. ಅರ್ಥ ಹೇಳುವವರ ಮಾತು ನಡುವೆ ಒಂದು ಪದ ತಪ್ಪಬಹುದು, ಪ್ರಸಂಗ ಉಳಿಯುತ್ತದೆ.

ಫೈಲುಗಳ ಹೆಸರಿನ ಪಟ್ಟಿಯೇ ಹೋಗಿದ್ದರೆ ಇಮೇಜಿನ ಮೇಲೆ ಫೈಲು ಹುಡುಕಿ ತೆಗೆಯುವ ಪ್ರೋಗ್ರಾಂ ‘ಫೋಟೋರೆಕ್’ ಓಡಿಸಿ. ಹೆಸರು ಬರುವುದಿಲ್ಲ, ಆಡಿಯೋ ಬರುತ್ತದೆ. ಈಗ ಮ್ಯಾಕಿನಲ್ಲಿ ಹೆಸರು ಕಾಣುತ್ತಿವೆ ಅಂದಿರಿ. ಇನ್ನೊಮ್ಮೆ ಡಿಸ್ಕ್ ಹಾಕುವುದು ಬೇಡ, ತಮ್ಮನ ಹತ್ತಿರ ಹಳೆಯ ಸ್ಕ್ರೀನ್‌ಶಾಟ್ ಇದ್ದರೆ ತೆಗೆದಿಟ್ಟುಕೊಳ್ಳಿ. ಯಾವ ಕೂಟ, ಎಲ್ಲಿ, ಯಾರ್ಯಾರು ಅರ್ಥ ಹೇಳಿದರು ಅನ್ನುವುದು ಅಪ್ಪನಿಗೆ ನೆನಪಿದ್ದರೆ ಅದನ್ನೂ ಬರೆದಿಡಿ. ನಮ್ಮ ಕಡೆ ಕೂಟಕ್ಕೆ ರೆಕಾರ್ಡರ್ ತರುವವರು ಒಬ್ಬರೇ ಇರುವುದಿಲ್ಲ. ಯಾವ ಪ್ರಸಂಗದಲ್ಲಿ ಎಲ್ಲಿ ಕಡಿದಿದೆ ಅಂತ ಪಟ್ಟಿ ಸಿಕ್ಕರೆ, ಅದೇ ಕೂಟದ ರೆಕಾರ್ಡಿಂಗ್ ಇಟ್ಟುಕೊಂಡವರನ್ನು ನಾನೂ ವಿಚಾರಿಸುತ್ತೇನೆ.