ಡೆರೆಕ್ ಅಂಡರ್‌ವುಡ್ ಬರೀ ಒದ್ದೆ ಪಿಚ್‌ನ ಬೌಲರ್ ಆಗಿದ್ದರೇ?

ಪ್ರಶ್ನೆ:
ಇಂಗ್ಲೆಂಡಿನ ಎಡಗೈ ಸ್ಪಿನ್ನರ್ ಡೆರೆಕ್ ಅಂಡರ್‌ವುಡ್ 86 ಟೆಸ್ಟ್‌ಗಳಲ್ಲಿ 297 ವಿಕೆಟ್ ಪಡೆದವರು. ಆದರೂ ಅವರ ಹೆಸರು ಬಂದಾಗಲೆಲ್ಲ ಮಳೆ ಮತ್ತು ಹೊದಿಕೆಯಿಲ್ಲದ ಪಿಚ್‌ಗಳ ಮಾತೇ ಮುಂದೆ ಬರುತ್ತದೆ. ಒಣ ಪಿಚ್‌ನಲ್ಲಿ ಅವರ ಆಟ ಹೇಗಿತ್ತು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1:
ಆ ಖ್ಯಾತಿಗೆ ಮೂಲ 1968ರ ಓವಲ್ ಟೆಸ್ಟ್. ಕೊನೆಯ ದಿನ ಆಸ್ಟ್ರೇಲಿಯಾ ಐದು ವಿಕೆಟ್ ಕಳೆದುಕೊಂಡಿದ್ದಾಗ ಮಳೆ ಸುರಿದು ಮೈದಾನದಲ್ಲಿ ನೀರು ನಿಂತಿತು. ಪ್ರೇಕ್ಷಕರೂ ಕೆಳಗಿಳಿದು ಸಿಬ್ಬಂದಿಯೊಡನೆ ನೀರು ತೆಗೆದ ಮೇಲೆ ಆಟಕ್ಕೆ ಉಳಿದದ್ದು ಸುಮಾರು 75 ನಿಮಿಷ. ಮೊದಲಿಗೆ ಏನೂ ಆಗಲಿಲ್ಲ. ಇಂಗ್ಲೆಂಡಿನ ಡಾಲಿವೇರಾ ಒಂದು ವಿಕೆಟ್ ಕಿತ್ತ ಬಳಿಕ ಅಂಡರ್‌ವುಡ್ 27 ಎಸೆತಗಳಲ್ಲಿ ಉಳಿದ ನಾಲ್ಕನ್ನೂ ಉರುಳಿಸಿದರು. ಇನಿಂಗ್ಸ್ ಆರಂಭಿಸಿ ಅಲ್ಲಿಯವರೆಗೂ ನಿಂತಿದ್ದ ಇನ್‌ವೆರಾರಿಟಿ ಕೊನೆಯವರಾಗಿ ಎಲ್‌ಬಿಡಬ್ಲ್ಯು ಆದಾಗ ಫೀಲ್ಡರ್‌ಗಳೆಲ್ಲ ಬ್ಯಾಟಿನ ಸುತ್ತ ಮುತ್ತಿಕೊಂಡಿದ್ದರು. ಅಂಡರ್‌ವುಡ್ ಗಳಿಕೆ 50ಕ್ಕೆ 7. ಆ ಚಿತ್ರ ನೋಡಿದವರಿಗೆ ಮಳೆಯೇ ನೆನಪಿನಲ್ಲಿ ಉಳಿದದ್ದು ಸಹಜ.

ಉತ್ತರ 2:
ಅದು ಸಹಜವಾದರೂ ನ್ಯಾಯವಲ್ಲ. 1976-77ರಲ್ಲಿ ಟೋನಿ ಗ್ರೇಗ್ ನಾಯಕತ್ವದ ತಂಡ ಭಾರತಕ್ಕೆ ಬಂದಾಗ ಇಲ್ಲಿನ ಪಿಚ್‌ಗಳಲ್ಲಿ, ಸ್ಪಿನ್ ಆಡುವುದನ್ನು ಚಿಕ್ಕಂದಿನಿಂದಲೇ ಕಲಿತ ಬ್ಯಾಟ್ಸ್‌ಮನ್‌ಗಳ ಎದುರು, ಅಂಡರ್‌ವುಡ್ ಐದು ಟೆಸ್ಟ್‌ಗಳಿಂದ 29 ವಿಕೆಟ್‌ಗಳನ್ನು 17.55ರ ಸರಾಸರಿಯಲ್ಲಿ ಪಡೆದರು. ಇಂಗ್ಲೆಂಡ್ ಸರಣಿಯನ್ನು 3-1ರಿಂದ ಗೆದ್ದಿತು. ಭಾರತಕ್ಕೆ ದಕ್ಕಿದ ಏಕೈಕ ಗೆಲುವು ನಮ್ಮ ಬೆಂಗಳೂರಿನದು. ಅಲ್ಲಿ ಚಂದ್ರಶೇಖರ್ ಮೊದಲ ಇನಿಂಗ್ಸ್‌ನಲ್ಲೂ ಬೇಡಿ ಎರಡನೆಯದರಲ್ಲೂ ತಲಾ ಆರು ವಿಕೆಟ್ ಕಿತ್ತರು. ಅಂಥ ಸ್ಪಿನ್ನರ್‌ಗಳ ನೆಲದಲ್ಲೇ ಅತಿಥಿ ಬೌಲರ್ ಒಬ್ಬರು ಸರಣಿಯನ್ನು ತಮ್ಮದಾಗಿಸಿಕೊಂಡದ್ದು ಸಣ್ಣ ಮಾತಲ್ಲ. ಟೆಸ್ಟ್‌ಗಳಲ್ಲಿ ಸುನಿಲ್ ಗಾವಸ್ಕರ್ ಅವರನ್ನು ಹನ್ನೆರಡು ಸಲ ಔಟ್ ಮಾಡಿದವರೂ ಇವರೇ. ಬೇರಾವ ಬೌಲರ್‌ಗೂ ಅಷ್ಟು ಸಲ ಸಾಧ್ಯವಾಗಿಲ್ಲ.

ಅವರ ಶೈಲಿಯೇ ಬೇರೆ. ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟು ಆಸೆ ತೋರಿಸುವ ಬದಲು, ಉದ್ದನೆಯ ಓಟದಿಂದ ಬಂದು ಮಧ್ಯಮ ವೇಗಕ್ಕೆ ಹತ್ತಿರದ ವೇಗದಲ್ಲಿ ಒಂದೇ ಜಾಗಕ್ಕೆ ಬೀಳಿಸುತ್ತಿದ್ದರು. ರನ್ ಸಿಗದೆ ಬ್ಯಾಟ್ಸ್‌ಮನ್ ಕಟ್ಟಿಹಾಕಿದಂತಾಗುತ್ತಿದ್ದ. ಒದ್ದೆ ಪಿಚ್‌ನಲ್ಲಿ ಅದೇ ಚೆಂಡು ಥಟ್ಟನೆ ಎದ್ದು ತಿರುಗುತ್ತಿತ್ತು. ಅವರ ಕೌಂಟಿಯಾದ ಕೆಂಟ್ ತಂಡದಲ್ಲೂ ಇಂಗ್ಲೆಂಡ್ ತಂಡದಲ್ಲೂ ವಿಕೆಟ್ ಹಿಂದೆ ಆಲನ್ ನಾಟ್ ಇದ್ದುದು ದೊಡ್ಡ ಬಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಹಾಗಿದ್ದರೆ 300ಕ್ಕೆ ಮೂರೇ ವಿಕೆಟ್ ಇರುವಾಗ ನಿಂತದ್ದು ಏಕೆ?

ಉತ್ತರ 2:
ಬೌಲಿಂಗ್ ಮಸುಕಾಗಿ ನಿಂತದ್ದಲ್ಲ. 1977ರಲ್ಲಿ ಆಸ್ಟ್ರೇಲಿಯಾದ ಉದ್ಯಮಿ ಕೆರಿ ಪ್ಯಾಕರ್ ಅವರ ಖಾಸಗಿ ಸರಣಿಗೆ ಹೋದದ್ದರಿಂದ ಅವರು ಒಮ್ಮೆ ಟೆಸ್ಟ್‌ಗಳಿಂದ ದೂರವಾಗಿದ್ದರು. ಮರಳಿ ಬಂದು, 1982ರ ಫೆಬ್ರುವರಿಯಲ್ಲಿ ಕೊಲಂಬೊದಲ್ಲಿ ನಡೆದ ಶ್ರೀಲಂಕಾದ ಚೊಚ್ಚಲ ಟೆಸ್ಟ್‌ನಲ್ಲಿ ಎಂಟು ವಿಕೆಟ್ ಪಡೆದರು. ಮರುತಿಂಗಳೇ ವರ್ಣಭೇದ ನೀತಿಯಿಂದಾಗಿ ಅಂತರರಾಷ್ಟ್ರೀಯ ಕ್ರಿಕೆಟ್‌ನಿಂದ ಹೊರಗಿದ್ದ ದಕ್ಷಿಣ ಆಫ್ರಿಕಾಕ್ಕೆ ಹೋದ ಬಂಡಾಯ ತಂಡದಲ್ಲಿ ಆಡಿದ್ದಕ್ಕೆ ಮೂರು ವರ್ಷದ ನಿಷೇಧ ಬಿತ್ತು. ಆಗ ಅವರಿಗೆ 36 ವರ್ಷ. ಆ ಪ್ರವಾಸವನ್ನು ನಾನು ಸಮರ್ಥಿಸಲಾರೆ. ಕೆಂಟ್ ಪರ ಮಾತ್ರ 1987ರವರೆಗೂ ಆಡಿ, ಪ್ರಥಮ ದರ್ಜೆಯಲ್ಲಿ ಒಟ್ಟು 2465 ವಿಕೆಟ್ ಗಳಿಸಿದರು.